ಎಲೈಜಾಳ ಆಲ್ಬಮ್ಮಿನಲ್ಲಿ ರಜನಿಯ ಪುಟ

ನಾನು ಬಾಯಿಬಡುಕಿ ಅಂತ ಈ ಬರೋಡದ ರೈಲ್ವೆ ಕ್ವಾರ್ಟರ್ಸಿಗೆಲ್ಲ ಗೊತ್ತು. ಇರಲಿ, ಅದನ್ನೇನು ನಾನು ಇಲ್ಲ ಅನ್ನೋದಿಲ್ಲ. ಆದರೆ ಏಳು ತಿಂಗಳಿಂದ ಸಂಜೆ ಹೊತ್ತು ಗೇಟು ಕಿರ್ ಅಂದರೆ ಸಾಕು, ಒಲೆ ಮೇಲಿನ ಹಾಲು ಉಕ್ಕಿಹೋದರೂ ಸರಿ, ಓಡಿಹೋಗಿ ಬಾಗಿಲು ತೆಗೀತೀನಿ. ಹಾಲಿನವನು ಇರ್ತಾನೆ, ಇಲ್ಲ ಬೀದಿಯ ಹಸು ಇರುತ್ತೆ. ಪಕ್ಕದ ಮನೆ ತಾರಾಬೆನ್ ನೋಡಿ ನೋಡಿ, ‘ಪದ್ಮಾಬೆನ್, ನಿಮಗೇನೋ ಹಿಡಿದಿದೆ, ತಾಯಿತ ಕಟ್ಟಿಸಿಕೊಳ್ಳಿ’ ಅಂದಳು. ಹಿಡಿದಿರೋದು ಹೌದು. ತಾಯಿತಕ್ಕೆ ಬಿಡೋ ಜಾತಿಯದಲ್ಲ ಅದು. ನಮ್ಮನೆಯವರ ಹತ್ತಿರ ಅರ್ಧ ಹೇಳಿದ್ದೀನಿ, ಪೂರ್ತಿ ಯಾರ ಹತ್ತಿರಾನೂ ಹೇಳಿಲ್ಲ. ಇವತ್ತು ಹೇಳಿಬಿಡ್ತೀನಿ, ಕೇಳಿದಮೇಲೆ ಬೈಯೋದಿದ್ದರೆ ಬೈಯಿರಿ.

ನಾವು ಚನ್ನಪಟ್ಟಣದ ಕಡೆಯವರು. ನಮ್ಮನೆಯವರು ಬಾಲಕೃಷ್ಣರಾಯರು, ಪ್ರತಾಪನಗರದ ರೈಲ್ವೆ ಆಫೀಸಿನಲ್ಲಿ ಕೆಲಸ. ಬರೋಡಕ್ಕೆ ಬಂದು ಹನ್ನೊಂದು ವರ್ಷ. ನಮಗಿರೋದು ಒಬ್ಬಳೇ ಮಗಳು, ವೇದಾ. ಅವಳ ಕನ್ನಡ ಕೇಳಿದರೆ ನಮ್ಮ ಅತ್ತೆಯವರು ಎದೆ ಒಡಕೊಳ್ತಿದ್ದರು. ಅರ್ಧ ಗುಜರಾತಿ, ಕಾಲು ಹಿಂದಿ, ಉಳಿದ ಕಾಲು ಭಾಗದಲ್ಲೂ ಇಂಗ್ಲಿಷು. ಎರಡು ಬೀದಿ ಆಚೆಗೆ ಇನ್ಶೂರೆನ್ಸಿನ ದಿವಾಕರರಾಯರು ಇದ್ದರು. ಅವರ ಹೆಂಡತಿ ಮಗಳಿಗೆ ಮೂರು ವರ್ಷ ಇರುವಾಗಲೇ ಹೋಗಿಬಿಟ್ಟಿದ್ದರು. ಆ ಮಗಳೇ ರಜನಿ. ವೇದಾಳಿಗಿಂತ ಮೂರು ತಿಂಗಳು ದೊಡ್ಡವಳು.

ರಜನಿ ಬೆಳೆದಿದ್ದೆಲ್ಲ ನನ್ನ ಅಡಿಗೆಮನೆಯಲ್ಲಿ. ಸ್ಕೂಲು ಬಿಟ್ಟರೆ ಸೀದಾ ನಮ್ಮ ಮನೆಗೆ. ನಾನೇ ಅವಳಿಗೆ ಎಣ್ಣೆ ನೀರು ಹಾಕಿದ್ದು, ನಾನೇ ಜಡೆ ಹಾಕಿದ್ದು, ನಾನೇ ದೊಡ್ಡವಳಾದಾಗ ಆರತಿ ಎತ್ತಿದ್ದು. ‘ಚಿಕ್ಕಮ್ಮ’ ಅಂತ ಕರೆಯೋಳು. ಯಾರೂ ಹೇಳಿಕೊಟ್ಟಿದ್ದಲ್ಲ. ನನ್ನ ಹೊಟ್ಟೇಲಿ ಹುಟ್ಟಿದವಳು ಕನ್ನಡದ ಅಕ್ಷರ ಕಲಿಯೋಕೆ ಮೂತಿ ತಿರುವಿದರೆ, ಇವಳು ಚಪಾತಿ ಹಿಟ್ಟಿನ ಮೇಲೆ ಬೆರಳಲ್ಲಿ ಅ ಆ ಇ ಈ ಬರೆದು ಕಲಿತಳು. ಅವಳನ್ನು ಕಂಡರೆ ನನಗೆ ಪ್ರಾಣ. ಇದನ್ನ ಮೊದಲೇ ಹೇಳಿಬಿಡ್ತಿದ್ದೀನಿ, ಮುಂದಿನದು ಕೇಳಿದಮೇಲೆ ನೀವು ನಂಬೋದಿಲ್ಲ.

ಆಲ್ಬಮ್ಮು ಬಂದಿದ್ದು ಹೋದ ವರ್ಷ, ಅರವತ್ತೆಂಟರ ಏಪ್ರಿಲ್ಲಲ್ಲಿ. ನಮ್ಮನೆಯವರು ಆಫೀಸಿನ ಕೆಲಸಕ್ಕೆ ಅಹಮದಾಬಾದಿಗೆ ಹೋದವರು ಭಾನುವಾರ ಸಾಬರಮತಿ ದಂಡೆಯ ಹಳೇ ಸಾಮಾನಿನ ಸಂತೆಗೆ ಹೋಗಿದ್ದಾರೆ. ಇವರಿಗೆ ಹಳೇ ಪುಸ್ತಕದ ಚಟ. ಬೇರೆ ಗಂಡಸರು ಬೀಡಿ ಸೇದ್ತಾರೆ, ಇವರು ಗೆದ್ದಲು ತಿಂದ ಪುಸ್ತಕ ಮನೆಗೆ ಹೊರ್ತಾರೆ. ಆ ಸಲ ತಂದಿದ್ದು ಕಂದು ಚರ್ಮದ ರಟ್ಟಿನ, ಹಿತ್ತಾಳೆ ಕೊಂಡಿಯ ಒಂದು ದಪ್ಪ ಪುಸ್ತಕ. ಮೊದಲ ಪುಟದಲ್ಲಿ ಬಳ್ಳಿ ಬಳ್ಳಿಯಾದ ಇಂಗ್ಲಿಷ್ ಅಕ್ಷರದಲ್ಲಿ ‘ಎಲೈಜಾ, ಸೂರತ್, 1871’ ಅಂತ ಇತ್ತು.

“ಇದು ಆಟೋಗ್ರಾಫ್ ಆಲ್ಬಮ್ ಕಣೇ. ಆಗಿನ ಕಾಲದ ಹುಡುಗೀರು ಇಟ್ಕೊಳ್ತಿದ್ದರು. ಗೆಳತೀರೆಲ್ಲ ಒಂದೊಂದು ಪುಟಕ್ಕೆ ಒಂದೊಂದು ಪದ್ಯ ಬರೆದುಕೊಡೋರು, ನೆನಪಿಗೆ,” ಅಂದರು ನಮ್ಮನೆಯವರು. ಹುಡುಗಿಯರಿಬ್ಬರೂ ಇವರ ತೊಡೆ ಮೇಲೇ ಬಿದ್ದುಬಿಟ್ಟರು. ಇವರು ಒಂದೊಂದೇ ಪದ್ಯ ಓದಿ ಕನ್ನಡದಲ್ಲಿ ಹೇಳ್ತಾ ಹೋದರು. ‘ಹೊಳೆಯ ದಡದಲಿ ನಡೆವಾಗ ಗೆಳತಿ, ಪಕ್ಕದಲಿ ನನಗೊಂದು ಹೆಜ್ಜೆ ಜಾಗವಿರಲಿ’ ಅಂತ ಒಬ್ಬಳು ಬರೆದಿದ್ದಳು. ಇನ್ನೊಬ್ಬಳು ತನ್ನ ಕೂದಲನ್ನೇ ಸಣ್ಣ ಜಡೆ ಹೆಣೆದು ಪುಟಕ್ಕೆ ಹೊಲಿದಿದ್ದಳು. ಬಂಗಾರದ ಬಣ್ಣದ ಕೂದಲು, ನೂರು ವರ್ಷವಾಗ್ತಾ ಬಂದರೂ ಹಾಗೇ ಮಿರುಗುತ್ತಿತ್ತು.

ನನಗೆ ಮೈಯೆಲ್ಲ ಮುಳ್ಳೆದ್ದಿತು. “ರಾಮ ರಾಮ! ಸತ್ತೋರ ಕೂದಲು ಮನೇಲಿ! ಮೊದಲು ಅದನ್ನ ಆಚೆ ಬಿಸಾಡಿ, ಕೈ ತೊಳಕೊಂಡು ಬನ್ನಿ,” ಅಂತ ಕೂಗಾಡಿದೆ.

“ಸತ್ತಿದ್ದಾಳೆ ಅಂತ ನಿಮಗೆ ಹ್ಯಾಗೆ ಗೊತ್ತು ಚಿಕ್ಕಮ್ಮ?” ಅಂದಳು ರಜನಿ.

“ನೂರು ವರ್ಷದವಳು ಬದುಕಿರ್ತಾಳೇನೇ, ತರಲೆ?”

ಆಗ ವೇದಾ ತೋರಿಸಿದಳು. ಪ್ರತಿ ಪದ್ಯದ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಪುಟ್ಟ ಶಿಲುಬೆ, ಅದರ ಪಕ್ಕ ತಾರೀಖು. ಬೇರೆ ಬೇರೆ ವರ್ಷದ್ದು, ಆದರೆ ಕೈ ಒಂದೇ. ಎಲೈಜಾಳದೇ. ಗೆಳತಿಯರು ಒಬ್ಬೊಬ್ಬರೇ ಹೋದ ಹಾಗೆಲ್ಲ ಆ ಹೆಂಗಸು ಪುಸ್ತಕ ತೆಗೆದು, ಅವರವರ ಪುಟ ಹುಡುಕಿ ಗುರುತು ಹಾಕಿದ್ದಾಳೆ. ಒಬ್ಬಳಿಗೆ ‘ಕಾಲರಾ’ ಅಂತಿದೆ, ಒಬ್ಬಳಿಗೆ ‘ಹೆರಿಗೆಯಲ್ಲಿ’ ಅಂತಿದೆ. ಕೂದಲಿನವಳಿಗೆ ಹದಿನಾರು ವರ್ಷ. ಹನ್ನೊಂದು ಜನ, ಹನ್ನೊಂದು ಶಿಲುಬೆ. ಕೊನೆಯ ಶಿಲುಬೆ ಹಾಕುವ ಹೊತ್ತಿಗೆ ಅವಳಿಗೂ ವಯಸ್ಸಾಗಿತ್ತು ಅಂತ ಕಾಣುತ್ತೆ, ಗೆರೆ ಸೊಟ್ಟಗಿತ್ತು. ಅದರಾಚೆ ಅರ್ಧ ಪುಸ್ತಕ ಖಾಲಿ.

ನಾನು ಎಷ್ಟು ಬಡಕೊಂಡರೂ ಹುಡುಗಿಯರು ಆ ಪುಸ್ತಕ ಬಿಡಲಿಲ್ಲ. ಜೂನಿನಲ್ಲಿ ದಿವಾಕರರಾಯರಿಗೆ ಸೂರತ್ತಿಗೆ ವರ್ಗವಾಯ್ತು. ಬ್ಯಾಂಕಿನವರು, ಇನ್ಶೂರೆನ್ಸಿನವರು, ನಮ್ಮಂಥ ರೈಲ್ವೆಯವರು, ನಮ್ಮ ಪಾಡೇ ಅಷ್ಟು. ಮಕ್ಕಳು ಒಂದು ಗೆಳೆತನ ಕಟ್ಟಿಕೊಳ್ಳೋ ಹೊತ್ತಿಗೆ ಆರ್ಡರ್ ಬರುತ್ತೆ. ವೇದಾ ಆ ಖಾಲಿ ಪುಟದಲ್ಲಿ ರಜನಿಯ ಕೈಲಿ ಬರೆಸಿಕೊಂಡಳು. ರಜನಿ ನನ್ನ ಮುಖ ನೋಡಿ ನಕ್ಕು, ದುಂಡಗೆ ಕನ್ನಡದಲ್ಲೇ ಬರೆದಳು:

ಹುಣಸೆ ಹುಳಿ, ಬೆಲ್ಲ ಸಿಹಿ,
ವೇದಾ ನನ್ನ ಜೋಡಿ.
ಸೂರತ್ತಿಗೆ ಹೋದರೂನು
ಊಟಕ್ಕೆ ಬರುವೆ ನೋಡಿ.

“ಪದ್ಯ ಅಂತೆ ಪದ್ಯ! ಹೊಟ್ಟೆಬಾಕಿ,” ಅಂತ ಅವಳ ತಲೆಗೆ ಮೊಟಕಿದೆ. ಕಣ್ಣು ತುಂಬಿಬಂದಿತ್ತು, ತೋರಿಸಿಕೊಳ್ಳಬಾರದು ಅಂತ ಮೊಟಕಿದ್ದು.

ಜುಲೈಯೆಲ್ಲ ವಾರಕ್ಕೊಂದು ಕಾಗದ ಬಂತು. ಆಗಸ್ಟಿನಲ್ಲಿ ತಾಪಿ ಹೊಳೆ ಉಕ್ಕಿತು. ಸೂರತ್ತೆಲ್ಲ ನೀರು ಅಂತ ರೇಡಿಯೋದಲ್ಲಿ ಹೇಳಿದರು. ಗಾಡಿ ನಿಂತವು, ಟಪಾಲು ನಿಂತಿತು. ದಿವಾಕರರಾಯರ ಮನೆ ಹೊಳೆಗೆ ಹತ್ತಿರದ ಓಣಿಯಲ್ಲೇ ಇತ್ತು. ನಮ್ಮನೆಯವರು ಎರಡು ಕಾಗದ ಬರೆದರು, ಎರಡಕ್ಕೂ ಜವಾಬಿಲ್ಲ. ವೇದಾ ದಿನಾ ಪೋಸ್ಟ್‌ಮ್ಯಾನ್ ದಾರಿ ಕಾಯ್ತಾ ಗೇಟಿನ ಹತ್ತಿರ ನಿಲ್ಲೋಳು.

ಸೆಪ್ಟೆಂಬರಿನ ಮೊದಲ ವಾರ ಕಾರ್ಡು ಬಂದಾಗ ಅವಳು ಸ್ಕೂಲಿಗೆ ಹೋಗಿದ್ದಳು. ಪೋಸ್ಟ್‌ಮ್ಯಾನ್ ಅದನ್ನ ನನ್ನ ಕೈಗೆ ಕೊಡಲಿಲ್ಲ. ಗೇಟಿನ ಕಂಬದ ಮೇಲೆ ಇಟ್ಟು, ಮುಖ ತಿರುಗಿಸಿಕೊಂಡು ಸೈಕಲ್ ಹತ್ತಿದ. ನೋಡ್ತೀನಿ, ಕಾರ್ಡಿನ ಮೂಲೆ ಹರಿದಿದೆ. ಇಲ್ಲಿ ಸಾವಿನ ಸುದ್ದಿ ಹಾಗೇ ಬರೋದು. ಮೂಲೆ ಹರಿದ ಕಾರ್ಡನ್ನ ಮನೆಯೊಳಗೆ ತರೋ ಹಾಗಿಲ್ಲ. ಹೊಸ್ತಿಲಾಚೆ ನಿಂತು ನೋಡಬೇಕು, ಯಾರು ಅಂತ ಗೊತ್ತಾದ ತಕ್ಷಣ ಹರಿದು ಬಿಸಾಡಿ ತಲೆಗೆ ಸ್ನಾನ ಮಾಡಬೇಕು. ನಮ್ಮ ಕಡೆಯೂ ಸಾವಿನ ಕಾಗದ ಯಾರೂ ಮನೇಲಿಟ್ಟುಕೊಳ್ಳೋದಿಲ್ಲ. ತಾರಾಬೆನ್ ಅಂತೂ ಅಂಥ ಕಾಗದದ ಎರಡನೇ ಸಾಲು ಓದಿದವಳೇ ಅಲ್ಲ.

ಕಾರ್ಡು ಕನ್ನಡದಲ್ಲಿತ್ತು. ದಿವಾಕರರಾಯರ ಆಫೀಸಿನ ಕೃಷ್ಣಮೂರ್ತಿ ಅನ್ನೋರು ಬರೆದಿದ್ದು. ‘ನಮ್ಮ ದಿವಾಕರರಾಯರು ಹೋದ ತಿಂಗಳ ಪ್ರವಾಹದಲ್ಲಿ ತೀರಿಕೊಂಡರೆಂದು ತಿಳಿಸಲು ವಿಷಾದವಾಗುತ್ತದೆ. ಅವರ ಮಗಳು ರಜನಿಯೂ ಅದೇ ಮನೆಯಲ್ಲಿ...’ ಅಷ್ಟು ಓದಿದೆ. ಅಷ್ಟೇ ಓದಿದೆ. ಕಣ್ಣಿಗೆ ಕತ್ತಲೆ ಬಂದುಬಿಟ್ಟಿತು. ‘ಅಯ್ಯೋ ನನ್ನ ಕಂದಾ’ ಅಂತ ಕಾರ್ಡನ್ನ ನಾಕು ಚೂರು ಮಾಡಿ, ಹರೀತಿದ್ದ ಚರಂಡಿಗೆ ಹಾಕಿ, ಉಟ್ಟ ಸೀರೆಯಲ್ಲೇ ನಲ್ಲಿ ಕೆಳಗೆ ಕೂತುಬಿಟ್ಟೆ. ನೀರು ಬೀಳ್ತಾ ಇತ್ತು, ನಾನು ಬೋರಾಡಿ ಅಳ್ತಾ ಇದ್ದೆ.

ಸಂಜೆ ನಮ್ಮನೆಯವರು ಬಂದು ಕೇಳಿದ್ದು ಒಂದೇ ಮಾತು. “ಪೂರ್ತಿ ಓದಿದೆಯಾ?”

ನನಗೆ ಎಲ್ಲಿತ್ತೋ ಸಿಟ್ಟು! “ಪೂರ್ತಿ ಯಾರ್ರೀ ಓದ್ತಾರೆ ಅಂಥಾದ್ದನ್ನ? ನಿಮ್ಮ ಹಳೇ ಪುಸ್ತಕ ಅಂದ್ಕೊಂಡ್ರಾ ಅದನ್ನ?” ಅಂತ ಹಾರಿಬಿದ್ದೆ. ಪಾಪ, ಅವರು ಮಾರನೇ ದಿನ ರೈಲ್ವೆ ಫೋನಿನಲ್ಲಿ ಸೂರತ್ತಿಗೆ ಹೇಳಿಸಿ ಇನ್ಶೂರೆನ್ಸ್ ಆಫೀಸಿನಲ್ಲಿ ವಿಚಾರಿಸಿದರು. ‘ಹೌದು, ರಾವ್ ಸಾಹೇಬರು ಹೋದರು’ ಅಂತ ಯಾರೋ ಅಂದರಂತೆ. ಮಗಳ ವಿಷಯ ಇವರು ಕೇಳಲೇ ಇಲ್ಲ. ಗೊತ್ತಿದೆಯಲ್ಲ ಅಂತ, ಕೇಳೋಕೆ ಬಾಯಿ ಬರಲಿಲ್ಲ ಅಂತ.

ವೇದಾ ಅಳಲಿಲ್ಲ. ಅದೇ ನನಗೆ ಹೆದರಿಕೆಯಾಗಿದ್ದು. ಸುಮ್ಮನೆ ಹೋಗಿ ಆಲ್ಬಮ್ ತೆಗೆದು, ರಜನಿಯ ಪದ್ಯದ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಪುಟ್ಟ ಶಿಲುಬೆ ಬರೆದಳು. ಪಕ್ಕದಲ್ಲಿ ತಾರೀಖು. ಥೇಟ್ ಎಲೈಜಾ ಮಾಡಿದ ಹಾಗೇ.

“ಏ! ಬದುಕೋ ಮನೇಲಿ ಕೂತು ಇದೇನೇ ಬರೆಯೋದು?” ಅಂತ ಕಿತ್ತುಕೊಳ್ಳೋಕೆ ಹೋದೆ.

“ಎಲ್ಲಾರೂ ಹರೀತೀರಿ,” ಅಂದಳು. “ಕಾರ್ಡ್ ಹರಿದ್ರಿ, ಅವಳ ಲೆಟರ್ಸ್ ಎಲ್ಲಾ ಸುಡು ಅಂದ್ರಿ. ಇದು ಒಂದು ನಾನು ಇಡ್ತೀನಿ.”

ಹೌದು, ಸುಡು ಅಂದಿದ್ದೆ. ಸತ್ತವರ ಕೈಬರಹ ಇಟ್ಟುಕೊಂಡರೆ ಅವರ ಸೆರಗು ಹಿಡಿದು ನಿಲ್ಲಿಸಿಕೊಂಡಂತೆ, ಅವರಿಗೂ ಬಿಡುಗಡೆ ಇಲ್ಲ, ನಮಗೂ ಇಲ್ಲ ಅಂತ ತಾರಾಬೆನ್ ಹೇಳಿದ್ದಳು. ನನಗೂ ಹಾಗೇ ಅನ್ನಿಸೋಕೆ ಶುರುವಾಯ್ತು. ವೇದಾ ಆ ಪುಸ್ತಕ ತಲೆದಿಂಬಿನ ಪಕ್ಕ ಇಟ್ಟುಕೊಂಡೇ ಮಲಗೋಳು. ಊಟಕ್ಕೆ ಕೂತಾಗ ಪಕ್ಕದ ಮಣೆ ಖಾಲಿ ಬಿಡೋಳು. ನಾನು ಮಧ್ಯಾಹ್ನ ಅಡಿಗೆಮನೆ ಒರೆಸ್ತಾ ಇದ್ದರೆ ಒಳಗಿನ ಕೋಣೆಯಲ್ಲಿ ಹಾಳೆ ಮಗುಚಿದ ಸದ್ದು. ಹೋಗಿ ನೋಡಿದರೆ ಕೋಣೆಯಲ್ಲಿ ಯಾರೂ ಇಲ್ಲ, ಆಲ್ಬಮ್ ರಜನಿಯ ಪುಟಕ್ಕೇ ತೆರೆದುಕೊಂಡು ಕೂತಿದೆ. ಗಾಳಿ ಅಂದರು ನಮ್ಮನೆಯವರು. ಕಿಟಕಿ ಮುಚ್ಚಿತ್ತು ಕಣ್ರೀ! ಎಲೈಜಾಳ ಹನ್ನೊಂದು ಗೆಳತಿಯರ ಜೊತೆ ನಮ್ಮ ರಜನಿಯೂ ಆ ಪುಸ್ತಕದೊಳಗೆ ಸೇರಿಕೊಂಡಿದ್ದಾಳೆ, ಇನ್ನು ನನ್ನ ಮಗಳ ಸರದಿ, ಅಂತ ನನ್ನ ಮನಸ್ಸು ಓಡೋಕೆ ಶುರುವಾಯ್ತು. ವೇದಾ ಬಡವಾಗ್ತಾ ಇದ್ದಳು.

ಕಾರ್ಡು ಬಂದ ವಾರದ್ದೇ ಶನಿವಾರ. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ತಾರಾಬೆನ್ ವೇದಾಳನ್ನ ಬಲವಂತವಾಗಿ ಹನುಮಾನ್ ಮಂದಿರಕ್ಕೆ ಕರಕೊಂಡು ಹೋಗಿದ್ದಳು. ನಮ್ಮನೆಯವರು ಇನ್ನೂ ಆಫೀಸಿನಲ್ಲಿ. ನಾನೊಬ್ಬಳೇ. ದೀಪ ಹಚ್ಚಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಇಡೋಣ ಅಂತ ಬಾಗಿಲು ತೆಗೆದೆ. ಗೇಟು ಕಿರ್ ಅಂತು.

ಮೆಟ್ಟಿಲ ಕೆಳಗೆ ರಜನಿ ನಿಂತಿದ್ದಳು.

ತಲೆ ಬೋಳಿಸಿದ ಹಾಗಿತ್ತು, ಅರ್ಧ ಬೆರಳಗಲ ಕೂದಲು. ನಾನು ಎಣ್ಣೆ ಹಚ್ಚಿ ಬೆಳೆಸಿದ ಆ ಜಡೆ ಇರಲಿಲ್ಲ. ಯಾರದೋ ಅಳತೆಯ ಉದ್ದನೆ ಬಿಳೀ ಫ್ರಾಕು, ಮೈಗೆ ಅಂಟಿಕೊಂಡಿತ್ತು. ಮುಖದಲ್ಲಿ ರಕ್ತವೇ ಇಲ್ಲ. ಆದರೆ ಅವಳೇ. ಸಂಶಯವೇ ಇಲ್ಲ, ಅವಳೇ. “ರಜನೀ!” ಅಂದೆ. ಜೋರಾಗೇ ಅಂದೆ. ಅವಳ ಮುಖ ಅರಳಿತು, ಒಂದು ಮೆಟ್ಟಿಲು ಹತ್ತಿದಳು.

ನಾನು ಬಾಗಿಲು ಹಾಕಿಬಿಟ್ಟೆ. ಮೇಲಿನ ಚಿಲಕ, ಕೆಳಗಿನ ಚಿಲಕ, ಎರಡೂ ಹಾಕಿದೆ.

“ಚಿಕ್ಕಮ್ಮಾ,” ಅಂತ ದನಿ ಬಂತು. “ಚಿಕ್ಕಮ್ಮಾ, ನಾನು. ಬಾಗಿಲು ತೆಗೀರಿ.”

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ರಾಮ ರಾಮ ಅಂತಿದ್ದೆ. ಅವಳು ತಟ್ಟಿದಳು, ಮೆತ್ತಗೆ, ಒಳಗೆ ಯಾರೋ ಮಲಗಿದ್ದಾರೆ ಅನ್ನೋ ಹಾಗೆ. “ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಚಿಕ್ಕಮ್ಮ. ಊಟಕ್ಕೆ ಹಾಕ್ತೀರಾ?”

ಊಟ ಅಂದ ಕೂಡಲೇ ಅವಳು ಬರೆದ ಪದ್ಯ ಕಣ್ಮುಂದೆ ಬಂತು. ಬರುವೆ ಅಂತ ಬರೆದುಕೊಟ್ಟಿದ್ದಾಳಲ್ಲ, ಬಂದಿದ್ದಾಳೆ! ಆ ಪುಸ್ತಕ ಇರೋವರೆಗೂ ಬರ್ತಾಳೆ, ಒಂದಿನ ವೇದಾಳ ಕೈ ಹಿಡಕೊಂಡು ಹೋಗ್ತಾಳೆ ಅನ್ನಿಸಿತು. ಓಡಿಹೋಗಿ ದಿಂಬಿನ ಪಕ್ಕದ ಆಲ್ಬಮ್ ತಂದೆ. ಕಿಟಕಿ ಸರಳಿನ ಸಂದಿಯಿಂದ ಆಚೆ ತಳ್ಳಿದೆ. ಅದು ಮೆಟ್ಟಿಲ ಮೇಲೆ ದಪ್ಪಂತ ಬಿತ್ತು.

“ತಗೋ, ನಿನ್ನದು ನೀನು ತಗೊಂಡು ಹೋಗು!” ಅಂದೆ. “ಚಾಂದೋದಕ್ಕೆ ಹೋಗಿ ನರ್ಮದೆ ದಡದಲ್ಲಿ ನಿನಗೂ ನಿಮ್ಮಪ್ಪನಿಗೂ ಏನೇನು ಆಗಬೇಕೋ ಎಲ್ಲ ಮಾಡಿಸ್ತೀನಿ. ಇಲ್ಲಿಗೆ ಬರಬೇಡ ತಾಯಿ. ನನ್ನ ಮಗಳನ್ನ ಬಿಟ್ಟುಬಿಡು. ಹೋಗು!”

ಆಚೆ ಹಾಳೆ ಮಗುಚಿದ್ದು ಕೇಳಿಸಿತು. ಒಂದು, ಎರಡು, ಮೂರು. ಆಮೇಲೆ ನಿಂತಿತು. ಗೇಟು ಕಿರ್ ಅಂತು. ದೇವರು ದೊಡ್ಡವನು, ಮಗಳು ಉಳಿದಳು ಅಂತ ಕೈ ಮುಗಿದೆ ನೋಡಿ! ಆ ಕ್ಷಣ ನನಗಾಗಿದ್ದು ಸಂತೋಷ. ಅದನ್ನ ನೆನೆಸಿಕೊಂಡರೆ ಈಗ ನನ್ನ ಕೈಯನ್ನ ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತೆ.

ಅರ್ಧ ಗಂಟೆಗೆ ವೇದಾ ಮತ್ತು ತಾರಾಬೆನ್ ಬಂದರು. ವೇದಾಳ ಕೈಯಲ್ಲಿ ಒಂದು ಒದ್ದೆ ಪೊಟ್ಟಣ. “ಅಮ್ಮಾ, ಯಾರು ಬಂದಿದ್ರು? ಇದು ಮೆಟ್ಟಿಲ ಮೇಲಿತ್ತು.” ಬಿಚ್ಚಿದರೆ ನಾನ್‌ಖಟಾಯಿ. ಸೂರತ್ತಿನ ಅಂಗಡಿಯ ಹೆಸರಿನ ಕಾಗದ, ಒಳಗೆ ಆರು ಬಿಸ್ಕತ್ತು, ಎರಡು ಮಳೆಗೆ ಕರಗಿತ್ತು. ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದು ಅಂತ ಅವಳಿಗೆ ಹೇಳಿಕೊಟ್ಟವಳು ನಾನೇ.

ನಾನು ತೊದಲುತ್ತಾ, ರಜನಿ ಬಂದಿದ್ದಳು, ಭೂತವಾಗಿ ಬಂದಿದ್ದಳು, ಓಡಿಸಿದೆ ಅಂದೆ. ತಾರಾಬೆನ್ ಪೊಟ್ಟಣ ನೋಡಿದಳು, ನನ್ನ ಮುಖ ನೋಡಿದಳು. ಅಂಥ ತಾರಾಬೆನ್, ಹುಣಸೆಮರದ ಕೆಳಗೆ ಹಾದುಹೋಗೋಕೂ ಹೆದರೋ ತಾರಾಬೆನ್ ಕೇಳಿದಳು, “ಭೂತ್ ಕೋಯಿ ದಿವಸ್ ನಾನ್‌ಖಟಾಯಿ ಲಾವೇ?” ದೆವ್ವ ಎಂದಾದರೂ ಬಿಸ್ಕತ್ತು ತರುತ್ತಾ ಅಂತ.

ವೇದಾ ಆಗಲೇ ಬೀದಿಗೆ ಹಾರಿದ್ದಳು. ಹೆಸರು ಕೂಗ್ತಾ ಸ್ಟೇಷನ್ನಿನವರೆಗೂ ಓಡಿದಳು. ಹಿಂದೆ ತಾರಾಬೆನ್, ಅವಳ ಹಿಂದೆ ಏದುಸಿರು ಬಿಡ್ತಾ ನಾನು. ಸೂರತ್ತಿನ ಕಡೆ ಹೋಗೋ ಪ್ಯಾಸೆಂಜರ್ ಅದೇ ಆಗ ಹೊರಟುಹೋಗಿತ್ತು. ಕ್ರಾಪಿನ ತಲೆಯ ಒಂದು ಹುಡುಗಿ, ದಪ್ಪ ಪುಸ್ತಕ ಎದೆಗೆ ಅವಚಿಕೊಂಡು ಬೆಂಚಿನ ಮೇಲೆ ಕೂತಿತ್ತು, ಗಾಡಿ ಹತ್ತಿತು ಅಂದ ಕೂಲಿಯವನು.

ಆ ರಾತ್ರಿ ನಮ್ಮನೆಯವರು ಕೇಳಿದರು. ವೇದಾ ಎದುರಿಗೇ ನಿಂತಿದ್ದಳು. “ಗುರುತು ಸಿಗಲಿಲ್ಲವೇನೇ ನಿನಗೆ?”

“ಕತ್ತಲು, ಮಳೆ, ಕೂದಲು ಬೇರೆ ಇರಲಿಲ್ಲ. ಮುಖವೇ ಕಾಣಲಿಲ್ಲ. ಯಾವುದೋ ಬಿಳೀ ಆಕಾರ ಕಂಡಹಾಗಾಯ್ತು, ದನಿ ಕೇಳಿ ಹೆದರಿಬಿಟ್ಟೆ,” ಅಂದೆ. ಈ ಸುಳ್ಳು ಆವತ್ತು ಹೇಳಿದ್ದು. ವೇದಾ ನಂಬಿದಳು. ನನ್ನ ಕೊರಳು ತಬ್ಬಿಕೊಂಡು ಅತ್ತಳು ಕೂಡ.

ಸೋಮವಾರ ಕೃಷ್ಣಮೂರ್ತಿಗಳು ಫೋನಿಗೆ ಸಿಕ್ಕರು. ಕೆಂಡಾಮಂಡಲವಾಗಿದ್ದರಂತೆ. ಕಾರ್ಡಿನಲ್ಲಿ ಏನು ಬರೆದಿದ್ದರು ಅಂತ ಆಗ ಗೊತ್ತಾಯ್ತು. ರಜನಿಯೂ ಅದೇ ಮನೆಯಲ್ಲಿ ಎರಡು ದಿನ ಮಹಡಿ ಮೇಲೆ ಸಿಕ್ಕಿಹಾಕಿಕೊಂಡಿದ್ದಳು. ಅವಳನ್ನ ಮೇಲೆ ಹತ್ತಿಸಿ, ಕೆಳಮನೆಯ ಮುದುಕಿಯನ್ನ ಕರೆತರೋಕೆ ಇಳಿದ ದಿವಾಕರರಾಯರು ವಾಪಸು ಬರಲಿಲ್ಲ. ಆಮೇಲೆ ಅವಳಿಗೆ ಜ್ವರ ಬಂದು ತಲೆ ಬೋಳಿಸಬೇಕಾಯ್ತು. ಈಗ ಹುಷಾರಾಗಿದ್ದಾಳೆ, ಹಗಲೂ ರಾತ್ರಿ ನಿಮ್ಮ ಮನೆಯ ಜಪ ಮಾಡ್ತಾಳೆ, ಅವಳಿಗೆ ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ, ಈ ಶನಿವಾರ ಅಹಮದಾಬಾದಿಗೆ ಹೋಗುವ ನಮ್ಮ ಸಹೋದ್ಯೋಗಿ ಜೊತೆ ಕಳಿಸ್ತಿದ್ದೇನೆ, ನಾಲ್ಕು ಗಂಟೆಗೆ ಬರೋಡ ಸ್ಟೇಷನ್ನಿಗೆ ಬನ್ನಿ. ಇಷ್ಟೂ ಆ ಕಾರ್ಡಿನಲ್ಲಿತ್ತು. ಮೂಲೆ ಹರಿದದ್ದು ಅವಳ ಅಪ್ಪನಿಗಾಗಿ. ಕೆಳಗಿನ ಆರು ಸಾಲಲ್ಲಿ ಮಗಳು ಬದುಕಿದ್ದಳು, ನಾನು ಅವಳನ್ನ ಚರಂಡಿಗೆ ಹಾಕಿದೆ. ಆ ಮಗು ಸ್ಟೇಷನ್ನಿನಲ್ಲಿ ಎರಡು ಗಂಟೆ ನಮಗೆ ಕಾದು, ಆಮೇಲೆ ಮಳೆಯಲ್ಲಿ ನಡಕೊಂಡು ಬಂದಿತ್ತು.

ಮುಂದಿನ ಭಾನುವಾರವೇ ನಾನೂ ವೇದಾನೂ ಸೂರತ್ತಿಗೆ ಹೋದೆವು. ಕೃಷ್ಣಮೂರ್ತಿಗಳ ಮನೆ ಕತಾರ್‌ಗಾಮಿನಲ್ಲಿ. ಪಕ್ಕದಲ್ಲೇ ವಜ್ರ ಉಜ್ಜೋ ಕಾರ್ಖಾನೆ, ಗೋಡೆ ಮೇಲೆ ಇನ್ನೂ ಆಳೆತ್ತರಕ್ಕೆ ಕೆಸರಿನ ಗೆರೆ. ಅವರ ಹೆಂಡತಿ ಸಾವಿತ್ರಮ್ಮ ನಮ್ಮನ್ನು ಕೂರಿಸಿದರು, ನನ್ನ ಮುಖ ನೋಡಲಿಲ್ಲ. ರಜನಿ ಒಳಗಿಂದ ನೀರು ತಂದಳು. ಕೂದಲು ಒಂಚೂರು ಬೆಳೆದಿತ್ತು.

“ಚೆನ್ನಾಗಿದ್ದೀರಾ ಆಂಟಿ?” ಅಂದಳು. ಆಂಟಿ!

ವೇದಾ ಅವಳ ಕಾಲಿಗೇ ಬಿದ್ದುಬಿಟ್ಟಳು. ನಾನು ನಿನಗೆ ಶಿಲುಬೆ ಹಾಕಿದೆ, ನಾನು ಹಾಕಿದೆ ಅಂತ ಗುಜರಾತಿಯಲ್ಲಿ ಬಡಬಡಿಸಿದಳು. ರಜನಿ ಅವಳನ್ನ ಎಬ್ಬಿಸಿ, “ಪುಸ್ತಕ ತೆರೆದಾಗಲೇ ಆ ಪುಟ ಒಂದೇ ನೆನೆದು ಉಬ್ಬಿಕೊಂಡಿತ್ತು ಕಣೇ. ನೀನು ಎಷ್ಟು ಅತ್ತಿದ್ದೀಯ ಅಂತ ಅದರಲ್ಲೇ ಗೊತ್ತಾಯ್ತು. ನಿನ್ನ ಮೇಲೆ ನನಗೇನೂ ಇಲ್ಲ,” ಅಂದಳು. ನನ್ನೆದುರು ಅಳದವಳು ಪುಸ್ತಕದೆದುರು ಅತ್ತಿದ್ದಳು, ನೋಡಿ. ಇಬ್ಬರೂ ಕೈ ಹಿಡಕೊಂಡು ತಾರಸಿಗೆ ಹೋದರು. ಬಹಳ ಹೊತ್ತಿನ ಮೇಲೆ ಇಳಿದು ಬಂದರು, ಒಂದು ಸಲ ನಕ್ಕಿದ್ದೂ ಕೇಳಿಸಿತು. ನನಗೆ ಧೈರ್ಯ ಬಂತು. ಮಗಳನ್ನ ಕ್ಷಮಿಸಿದವಳು ತಾಯಿಯನ್ನ ಕ್ಷಮಿಸೋದಿಲ್ವೇ ಅಂದುಕೊಂಡೆ. ಅವಳ ಬಟ್ಟೆ ಇಡೋಕೆ ಅಂತ ಟ್ರಂಕು ಕೂಡ ಖಾಲಿ ಮಾಡಿ ತಂದಿದ್ದೆ.

ಎದ್ದು ಹೋಗಿ ಅವಳ ಕೆನ್ನೆ ಹಿಡಿದೆ. “ನನ್ನ ಕಂದಾ, ಆವತ್ತು ಮಳೆ, ಕತ್ತಲು. ನಿನ್ನ ಕೂದಲು ಬೇರೆ ಇರಲಿಲ್ಲ. ಗುರುತೇ ಸಿಗಲಿಲ್ಲ ನನಗೆ. ಗುರುತು ಸಿಕ್ಕಿದ್ದರೆ ಬಿಡ್ತಿದ್ದೆನಾ?”

ಅವಳು ಕೆನ್ನೆಯಿಂದ ನನ್ನ ಕೈ ಕೊಡವಲಿಲ್ಲ. ಸಿಟ್ಟೂ ಮಾಡಲಿಲ್ಲ. ವೇದಾ ಬಾಗಿಲಿಗೆ ಒರಗಿ ನೋಡ್ತಾ ನಿಂತಿದ್ದಳು.

“ನಾನೂ ‘ಗುರುತು ಸಿಗಲಿಲ್ಲ’ ಅಂತಲೇ ಅಂದುಕೊಳ್ಳೋಣ ಅಂತಿದ್ದೆ ಆಂಟಿ,” ಅಂದಳು ರಜನಿ. “ಗಾಡಿಯಲ್ಲಿ ಸೂರತ್ ಬರೋವರೆಗೂ ಹಾಗೇ ಅಂದುಕೊಳ್ಳೋಕೆ ನೋಡಿದೆ. ಆದರೆ ನೀವು ನನ್ನ ಹೆಸರು ಕೂಗಿದ್ರಲ್ಲ. ಮೊದಲು ಹೆಸರು ಕೂಗಿದ್ರಿ, ಆಮೇಲೆ ಬಾಗಿಲು ಹಾಕಿದ್ರಿ.”

ವೇದಾ ನನ್ನ ಕಡೆ ತಿರುಗಿದಳು. ಹದಿನಾಲ್ಕು ವರ್ಷದಲ್ಲಿ ಅವಳು ನನ್ನನ್ನ ಹಾಗೆ ನೋಡಿದ್ದೇ ಇಲ್ಲ. ರಜನಿಯನ್ನ ಮನೆಗೆ ಕರಕೊಂಡು ಹೋಗೋಕೆ ಅಂತಲೇ ನಾನು ಅಲ್ಲಿಗೆ ಹೋಗಿದ್ದು. ಬಾಯಿಬಡುಕಿ ನಾನು, ಬಾ ಅಂತ ಕೂಡ ಕರೆಯದೆ ಖಾಲಿ ಟ್ರಂಕು ಎತ್ತಿಕೊಂಡು ಹೊರಟುಬಿಟ್ಟೆ.